ಕೈಯಲ್ಲಿ ತಿಂಡಿ, ತಲೆಯಲ್ಲಿ ಲೆಕ್ಕ

ನಾಯಿಗೆ ಪಾಠ ಕಲಿಸುವ ಬಗೆಯನ್ನೇ ಬದಲಿಸಿದ ಪುಸ್ತಕಗಳಲ್ಲೊಂದನ್ನು ಬರೆದಾಕೆ ತಮ್ಮ ಪಾಠ ಕಲಿತದ್ದು ಡಾಲ್ಫಿನ್‌ಗಳ ಕೊಳದ ದಂಡೆಯಲ್ಲಿ. ಅಮೆರಿಕದ ಕರೆನ್ ಪ್ರಯರ್ 1960ರ ದಶಕದಲ್ಲಿ ಹವಾಯಿಯ ಸೀ ಲೈಫ್ ಪಾರ್ಕ್‌ನಲ್ಲಿ ಡಾಲ್ಫಿನ್‌ಗಳನ್ನು ಪಳಗಿಸುತ್ತಿದ್ದರು. ನೀರಿನಲ್ಲಿರುವ ಪ್ರಾಣಿಯ ಕೊರಳಿಗೆ ಸರಪಳಿ ಬಿಗಿಯಲಾಗದು. ಗದರಿದರೆ ಅದು ಆಚೆ ಬದಿಗೆ ಈಜಿಕೊಂಡು ಹೋಗುತ್ತದೆ, ಅಷ್ಟೆ. ಕಲಿಸುವವರ ಕೈಯಲ್ಲಿ ಉಳಿಯುವುದು ಒಂದು ಸೀಟಿ, ಒಂದು ಬಕೆಟ್ ಮೀನು. ಈ ಇಕ್ಕಟ್ಟಿನಲ್ಲಿ ಕಂಡುಕೊಂಡದ್ದನ್ನೆಲ್ಲ ಅವರು 1984ರಲ್ಲಿ ‘ಡೋಂಟ್ ಶೂಟ್ ದ ಡಾಗ್!’ ಎಂಬ ಪುಸ್ತಕವಾಗಿಸಿದರು. ಇಂದು ಬೆಂಗಳೂರಿನ ಟ್ರೈನರ್ ಒಬ್ಬರು ಸೊಂಟಕ್ಕೆ ತಿಂಡಿಯ ಚೀಲ ಕಟ್ಟಿಕೊಂಡು, ಕೈಯಲ್ಲಿ ‘ಕ್ಲಿಕ್’ ಎಂದು ಸದ್ದು ಮಾಡುವ ಕ್ಲಿಕ್ಕರ್ ಹಿಡಿದು ‘ಪಾಸಿಟಿವ್ ಟ್ರೈನಿಂಗ್’ ಎಂದರೆ ಆ ಮಾತಿನ ಹಿಂದೆ ಈ ಪುಸ್ತಕದ ನೆರಳಿದೆ.

ಹೆಸರು ನೋಡಿ ಕೊಂಡವರಿಗೆ ಮೊದಲಿಗೆ ನಿರಾಸೆಯಾದೀತು. ನಾಯಿಯನ್ನು ಕೂರಿಸುವುದು ಹೇಗೆ, ಉಚ್ಚೆಗೆ ಹೊರಗೆ ಹೋಗುವುದನ್ನು ಕಲಿಸುವುದು ಹೇಗೆ ಎಂಬ ಹಂತಹಂತದ ಸೂಚನೆ ಇದರಲ್ಲಿ ಕಡಿಮೆ. ಕೊಳಕು ಬಟ್ಟೆ ಎಲ್ಲೆಂದರಲ್ಲಿ ಬಿಸಾಡುವ ಕೋಣೆಯ ಗೆಳೆಯ, ಕಾರಿನಲ್ಲಿ ಗಲಾಟೆ ಮಾಡುವ ಮಕ್ಕಳು, ಅಡುಗೆಮನೆಯ ಮೇಜು ಹತ್ತುವ ಬೆಕ್ಕು, ರಾತ್ರಿಯಿಡೀ ಬೊಗಳುವ ನಾಯಿ ಎಲ್ಲರೂ ಇಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಬೇಡದ ವರ್ತನೆಯನ್ನು ಹೋಗಲಾಡಿಸಲು ಇರುವುದು ಎಂಟೇ ದಾರಿ ಎನ್ನುವ ಪ್ರಯರ್, ಮೊದಲನೆಯದಾಗಿ ಇಡುವುದು ಪ್ರಾಣಿಯನ್ನೇ ಕೊಂದುಬಿಡುವ ದಾರಿಯನ್ನು. ಎರಡನೆಯದು ಶಿಕ್ಷೆ. ಕೊನೆಯ ನಾಲ್ಕನ್ನು ಮಾತ್ರ ಅವರು ಒಳ್ಳೆಯ ದಾರಿಗಳೆಂದು ಎಣಿಸುತ್ತಾರೆ. ಕ್ರೂರ ಹಾಸ್ಯದ ಈ ಪಟ್ಟಿಗೆ ಒಂದು ಗಂಭೀರ ಉದ್ದೇಶವಿದೆ: ಸಿಟ್ಟು ಬಂದಾಗ ನಮ್ಮ ಕೈ ಮೊದಲು ಹೋಗುವುದು ಪಟ್ಟಿಯ ಮೇಲ್ತುದಿಗೆ ಎಂಬುದನ್ನು ತೋರಿಸುವುದು.

ಪುಸ್ತಕದ ನಿಜವಾದ ಗಟ್ಟಿತನ ಇರುವುದು ಹೊತ್ತಿನ ಬಗ್ಗೆ ಅದು ಹೇಳುವ ಮಾತಿನಲ್ಲಿ. ‘ಕೂರು’ ಎಂದಿರಿ, ನಾಯಿ ಕೂತಿತು. ನೀವು ಸಂತೋಷದಿಂದ ಅಡುಗೆಮನೆಗೆ ಹೋಗಿ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಅದು ಎದ್ದು, ನಿಮ್ಮ ಹಿಂದೆಯೇ ಬಂದು, ಮೊಣಕಾಲಿಗೆ ಮುಂಗಾಲು ಊರಿರುತ್ತದೆ. ಬಿಸ್ಕತ್ತು ಬಾಯಿಗೆ ಬಿದ್ದದ್ದು ಆಗ. ನಿಮ್ಮ ಲೆಕ್ಕದಲ್ಲಿ ಅದು ಕೂತದ್ದರ ಬಹುಮಾನ. ನಾಯಿಯ ಲೆಕ್ಕದಲ್ಲಿ ಮೈಮೇಲೆ ಹಾರಿದ್ದರ ಬಹುಮಾನ. ಸೀಟಿ ಅಥವಾ ಕ್ಲಿಕ್ಕರ್ ಬೇಕಾಗುವುದು ಇದಕ್ಕೇ. ಸದ್ದು ಬಂದರೆ ತಿಂಡಿ ಬರುತ್ತದೆ ಎಂದು ಒಮ್ಮೆ ಕಲಿಸಿದರೆ, ಆಮೇಲೆ ಸರಿಯಾದ ಕ್ಷಣಕ್ಕೆ ಗುರುತು ಹಾಕುವ ಕೆಲಸವನ್ನು ಸದ್ದು ಮಾಡುತ್ತದೆ, ತಿಂಡಿ ಕೆಲವು ಗಳಿಗೆ ತಡವಾಗಿ ಬಂದರೂ ನಡೆಯುತ್ತದೆ. ಕ್ಲಿಕ್ಕರ್ ಇಲ್ಲದಿದ್ದರೆ ಚಿಕ್ಕದಾಗಿ, ಪ್ರತಿ ಸಲವೂ ಒಂದೇ ದನಿಯಲ್ಲಿ ‘ಹ್ಞಾಂ’ ಎಂದರೂ ಸಾಕು. ಬಹುಮಾನವನ್ನು ಪ್ರೀತಿಯ ಕಾಣಿಕೆ ಎಂದುಕೊಳ್ಳುವ ನಮಗೆ, ಅದು ಮೊದಲಿಗೆ ಒಂದು ಸುದ್ದಿ, ಈಗ ಮಾಡಿದೆಯಲ್ಲ ಅದೇ ಸರಿ ಎಂಬ ಸುದ್ದಿ, ಎಂದು ಮನಗಾಣಿಸಿದ್ದು ಪ್ರಯರ್ ಅವರ ದೊಡ್ಡ ಕೊಡುಗೆ.

ಹಂತಹಂತವಾಗಿ ಕಲಿಸಲು ಅವರು ಹಾಕಿಕೊಟ್ಟ ನಿಯಮಗಳೂ ಕಾಲದ ಪರೀಕ್ಷೆಯಲ್ಲಿ ನಿಂತಿವೆ. ಗೆಲ್ಲುವ ಅವಕಾಶ ನಾಯಿಗೆ ಸದಾ ಇರುವಂತೆ ಮೆಟ್ಟಿಲನ್ನು ಸಣ್ಣದಾಗಿಡಿ. ಒಂದು ಸಲಕ್ಕೆ ಒಂದೇ ಅಂಶ ಕಲಿಸಿ. ಕಲಿತದ್ದು ಕೆಟ್ಟರೆ ಮತ್ತೆ ಮೊದಲ ಪಾಠಕ್ಕೆ ಇಳಿಯಿರಿ. ಚೆನ್ನಾಗಿ ನಡೆಯುತ್ತಿರುವಾಗಲೇ ನಿಲ್ಲಿಸಿ. ಹಾಲ್‌ನಲ್ಲಿ ಚೆನ್ನಾಗಿ ಕೂರುವ ನಾಯಿ ಗೇಟಿನ ಬಳಿ ಕೂರದಿದ್ದರೆ ಅದು ಹಟವಲ್ಲ, ನಾವು ನಾಲ್ಕು ಮೆಟ್ಟಿಲು ಒಟ್ಟಿಗೆ ಹಾರಲು ಹೇಳಿದ್ದೇವೆ ಎಂದರ್ಥ.

ಆದರೆ ಇದೇ ನಿಯಮಗಳ ನಡುವೆ ಇನ್ನೊಂದಿದೆ: ಪಾಠದ ಮಧ್ಯದಲ್ಲಿ ಕಲಿಸುವವರನ್ನು ಬದಲಿಸಬೇಡಿ. ಇದನ್ನು ಓದುವಾಗ ನಮ್ಮ ಮನೆಗಳು ಕಣ್ಮುಂದೆ ಬರುತ್ತವೆ. ಮಗಳು ‘ಸಿಟ್’ ಎನ್ನುತ್ತಾಳೆ, ಅಮ್ಮ ‘ಕೂತ್ಕೋ ಪುಟ್ಟಾ’ ಎನ್ನುತ್ತಾರೆ, ಅಪ್ಪ ಬರೀ ಬೆರಳು ತೋರಿಸುತ್ತಾರೆ, ಅಜ್ಜ ಏನೂ ಹೇಳದೆ ದೋಸೆಯ ಅಂಚು ಮುರಿದು ಮೇಜಿನ ಕೆಳಗೆ ಇಳಿಬಿಡುತ್ತಾರೆ. ನಾಯಿಯ ಮಟ್ಟಿಗೆ ಇವರಲ್ಲಿ ಅತ್ಯಂತ ಪರಿಣಾಮಕಾರಿ ಗುರು ಅಜ್ಜನೇ.

ಪುಸ್ತಕದ ಮಿತಿ ಇಲ್ಲಿಂದ ಶುರುವಾಗುತ್ತದೆ. ತಿಳಿಯದೆ ಕೊಟ್ಟ ಬಹುಮಾನವೂ ಬಹುಮಾನವೇ ಎಂಬುದು ಪ್ರಯರ್ ಅವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಅವರ ಪುಸ್ತಕದ ಮೂಲ ಚಿತ್ರ ಒಂದು ಕೊಳ, ಒಂದು ಪ್ರಾಣಿ, ಒಬ್ಬ ಕಲಿಸುವವರು. ಮೀನಿನ ಬಕೆಟ್ ಯಾರ ಕೈಯಲ್ಲಿದೆ ಎಂಬ ಅನುಮಾನವೇ ಅಲ್ಲಿಲ್ಲ. ಮನೆಯಲ್ಲಿ ಬಹುಮಾನ ನೂರು ಕಡೆಯಿಂದ ಸೋರುತ್ತದೆ. ಬೊಗಳಿದಾಗ ಪೇಪರ್ ಹಾಕುವ ಹುಡುಗ ಹೊರಟುಹೋಗುತ್ತಾನೆ. ಅವನು ಹೇಗೂ ಹೊರಟವನೇ, ಆದರೆ ಗೆದ್ದದ್ದು ತಾನೆಂದು ನಾಯಿ ತಿಳಿಯುತ್ತದೆ. ಚಪ್ಪಲಿ ಕಚ್ಚಿಕೊಂಡು ಓಡಿದರೆ ಮನೆಮಂದಿಯೆಲ್ಲ ಬೆನ್ನಟ್ಟಿ ಆಟವಾಡುತ್ತಾರೆ. ರಸ್ತೆ ಬದಿಯ ಕಸದ ರಾಶಿಯಲ್ಲಿ ಒಂದು ಮೂಳೆ ಸಿಕ್ಕಿದರೆ, ಹಗ್ಗ ಎಳೆದದ್ದಕ್ಕೆ ಸಂಬಳವೇ ಸಿಕ್ಕಂತೆ.

ಸೋರಿಕೆ ಆಗಾಗ ಮಾತ್ರ ಆಗುವುದರಿಂದ ಅಪಾಯ ಇನ್ನೂ ಹೆಚ್ಚು. ಯಾವಾಗ ಸಿಗುತ್ತದೋ ಹೇಳಲಾಗದ ಬಹುಮಾನ ವರ್ತನೆಯನ್ನು ಹಟಮಾರಿಯಾಗಿ ಉಳಿಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಫೆರ್‌ಸ್ಟರ್ ಮತ್ತು ಬಿ. ಎಫ್. ಸ್ಕಿನ್ನರ್ 1957ರ ತಮ್ಮ ದಪ್ಪ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದರು. ಕಲಿತ ಪಾಠವನ್ನು ಗಟ್ಟಿ ಮಾಡಲು ಪ್ರಯರ್ ಇದನ್ನೇ ಸಲಹೆಯಾಗಿ ಕೊಡುತ್ತಾರೆ: ಪ್ರತಿ ಸಲವೂ ಕೊಡಬೇಡಿ, ಬಿಟ್ಟು ಬಿಟ್ಟು ಕೊಡಿ. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತಲೆಕೆಳಗಾದ ರೂಪ. ಬೇಕಾದ ವರ್ತನೆಗೆ ಮೊದಲ ವಾರವೇ ತಿಂಡಿ ನಿಲ್ಲುತ್ತದೆ, ‘ಈಗ ಕಲಿತಿದೆಯಲ್ಲ’ ಎಂದು. ಊಟದ ಹೊತ್ತಿನ ಕುಂಯ್‌ಗುಟ್ಟುವಿಕೆಗೆ ಮಾತ್ರ ವರ್ಷಗಟ್ಟಲೆ ಬಿಟ್ಟು ಬಿಟ್ಟು ಸಿಗುತ್ತಿರುತ್ತದೆ. ಅದನ್ನು ನಿಲ್ಲಿಸಲು ಹೊರಟರೆ ಮೊದಲ ಕೆಲವು ದಿನ ಕುಂಯ್ ಜೋರಾಗುತ್ತದೆ. ತಡೆಯಲಾರದೆ ಆಗ ಒಂದು ತುಂಡು ಎಸೆದವರು, ಇನ್ನಷ್ಟು ಜೋರಾಗಿ ಕೇಳು ಎಂದು ಕಲಿಸಿದಂತಾಯಿತು. ಹಾಗಾಗಿ ಬಿಟ್ಟು ಬಿಟ್ಟು ಕೊಡುವ ಸಲಹೆಯನ್ನು ಮನೆಯವರು ಅವಸರದಲ್ಲಿ ಒಪ್ಪಬಾರದು. ಹೊಸ ಪಾಠಕ್ಕೆ, ಹೊಸ ಜಾಗಕ್ಕೆ, ಗದ್ದಲದ ರಸ್ತೆಗೆ ಪ್ರತಿ ಸಲವೂ ಕೊಡುವುದೇ ಸರಿ.

ಇನ್ನು ‘ಇದೆಲ್ಲ ಲಂಚವಲ್ಲವೇ’ ಎಂಬ ಹಳೆಯ ಆಕ್ಷೇಪ. ಅದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಬಹುಪಾಲು ಮನೆಗಳಲ್ಲಿ ನಡೆಯುವುದು ಲಂಚವೇ. ಬಿಸ್ಕತ್ತನ್ನು ಮೊದಲು ತೋರಿಸಿ ಆಮೇಲೆ ‘ಬಾ’ ಎಂದರೆ, ನಾಯಿ ಕರೆಯನ್ನು ಕೇಳುವುದಿಲ್ಲ, ಕೈಯನ್ನು ನೋಡುತ್ತದೆ. ಕೈ ಖಾಲಿ ಇದ್ದ ದಿನ ಬರುವುದಿಲ್ಲ. ಮೂಗಿನ ಮುಂದೆ ತಿಂಡಿ ಹಿಡಿದು ಮೈಯನ್ನು ಕೂರುವ ಭಂಗಿಗೆ ತರುವುದು ಮೊದಲ ನಾಲ್ಕಾರು ಸಲಕ್ಕೆ ಒಳ್ಳೆಯ ಉಪಾಯ. ಆಮೇಲೆ ಅದೇ ಕೈಸನ್ನೆ ಖಾಲಿ ಕೈಯಲ್ಲಿ ಆಗಬೇಕು, ತಿಂಡಿ ಬೆನ್ನ ಹಿಂದಿನಿಂದಲೋ ಜೇಬಿನಿಂದಲೋ ಬರಬೇಕು. ಕೆಲಸ ಮುಗಿದ ಮೇಲೆ ಕಾಣಿಸಿಕೊಂಡರೆ ಬಹುಮಾನ, ಮುಂಚೆಯೇ ಕಾಣಿಸಿಕೊಂಡರೆ ಲಂಚ.

ಯಾವುದು ಬಹುಮಾನ ಎಂದು ತೀರ್ಮಾನಿಸುವ ಹಕ್ಕೂ ನಮ್ಮದಲ್ಲ. ತಲೆ ಸವರಿ ‘ಜಾಣ ಜಾಣ’ ಎಂದರೆ ಸಾಕೆಂದು ನಂಬುವವರು ಬಹಳ. ಎರಿಕಾ ಫೊಯರ್‌ಬಾಕರ್ ಮತ್ತು ಕ್ಲೈವ್ ವಿನ್ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈದಡವುವುದು ಮತ್ತು ಬಾಯಿಮಾತಿನ ಹೊಗಳಿಕೆ ಇವೆರಡರ ನಡುವೆ ನಾಯಿಗಳು ಆರಿಸಿಕೊಂಡದ್ದು ಮೈದಡವುವುದನ್ನು. ಬರೀ ಹೊಗಳಿಕೆಗೆ ಅವು ಹೆಚ್ಚು ಬೆಲೆ ಕೊಡಲಿಲ್ಲ. ಇನ್ನು ತಳಿಯ ಸ್ವಭಾವ. ಸ್ಕಿನ್ನರ್ ಅವರ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮರಿಯನ್ ಬ್ರೆಲ್ಯಾಂಡ್ ದಂಪತಿ 1961ರಲ್ಲೇ ಎಚ್ಚರಿಸಿದ್ದರು: ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿತ ಹಂದಿಗಳು ಬರಬರುತ್ತ ಅದನ್ನು ಮೂತಿಯಿಂದ ನೆಲಕ್ಕೆ ಕೆದಕತೊಡಗಿದವು, ತಿಂಡಿಯ ಆಸೆಗಿಂತ ಹುಟ್ಟುಗುಣ ಮೇಲಾಯಿತು. ನಮ್ಮ ಮುಧೋಳದ ನಾಯಿಯನ್ನೇ ನೋಡಿ. ಕಣ್ಣಿನಿಂದ ಬೇಟೆ ಗುರುತಿಸಿ ಅಟ್ಟಿಸಿಕೊಂಡು ಹೋಗಲೆಂದೇ ಬೆಳೆಸಿದ ತಳಿ ಅದು. ಮೊಲವೋ ಬೆಕ್ಕೋ ಓಡಿದಾಗ ಅದರ ಮುಂದೆ ಗ್ಲೂಕೋಸ್ ಬಿಸ್ಕತ್ತು ಹಿಡಿಯುವುದು ವ್ಯರ್ಥ. ಹೆಚ್ಚು ಇಷ್ಟದ ಕೆಲಸವನ್ನು ಕಡಿಮೆ ಇಷ್ಟದ ಕೆಲಸಕ್ಕೆ ಬಹುಮಾನವಾಗಿಸಬಹುದು ಎಂಬ ಡೇವಿಡ್ ಪ್ರೆಮ್ಯಾಕ್ ಅವರ ತತ್ವ ಇಲ್ಲಿ ಕೈಹಿಡಿಯುತ್ತದೆ: ಬೇಲಿ ಹಾಕಿದ ಬಯಲಿನಲ್ಲಿ, ಕರೆದಾಗ ಬಂದರೆ ಮತ್ತೆ ಓಡಲು ಬಿಡುವುದೇ ಅದಕ್ಕೆ ದೊಡ್ಡ ಸಂಬಳ.

ತಿಂಡಿಯ ಲೆಕ್ಕವನ್ನು ದೇಹವೂ ಇಡುತ್ತದೆ. ದಿನದ ಕ್ಯಾಲೊರಿಯಲ್ಲಿ ಇಂಥ ತಿನಿಸಿನ ಪಾಲು ಶೇ 10 ಮೀರಬಾರದು ಎಂಬುದು ಪಶುವೈದ್ಯರ ರೂಢಿಯ ಸಲಹೆ. ಕಡಲೆಕಾಳಿನಷ್ಟು ಬೇಯಿಸಿದ ಕೋಳಿ, ಮೊಟ್ಟೆ, ಕ್ಯಾರೆಟ್ ಸಾಕು. ದಿನದ ಊಟದಲ್ಲೇ ಒಂದು ಭಾಗ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ.

ಇಷ್ಟು ತಲೆಬಿಸಿ ಯಾಕೆ, ದಂಡಂ ದಶಗುಣಂ ಎನ್ನುವವರಿಗೆ ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರ ಕೊಡುತ್ತದೆ. ಹಗ್ಗ ಜಗ್ಗುವುದು, ಗದರುವುದು ಮುಂತಾದ ಬಲವಂತದ ತರಬೇತಿ ಹೆಚ್ಚಿದ್ದ ಶಾಲೆಗಳ ನಾಯಿಗಳಲ್ಲಿ ಒತ್ತಡದ ಲಕ್ಷಣಗಳೂ, ಪಾಠದ ನಂತರ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಪ್ರಮಾಣವೂ ಹೆಚ್ಚಾಗಿದ್ದವು.

ಹಾಗಾಗಿ ಪ್ರಯರ್ ಅವರ ಪುಸ್ತಕದ ದಿಕ್ಕು ಸರಿಯಾದದ್ದೇ. ಮನೆಗೆ ತರುವಾಗ ಅದರ ಕ್ರಮವನ್ನು ಮಾತ್ರ ಬದಲಿಸಿಕೊಳ್ಳಬೇಕು. ಅವರು ಬಹುಮಾನ ಕೊಡುವುದರಿಂದ ಆರಂಭಿಸುತ್ತಾರೆ. ನಾವು ಸೋರಿಕೆ ನಿಲ್ಲಿಸುವುದರಿಂದ ಆರಂಭಿಸಬೇಕು. ಯಾವ ಮಾತು, ಯಾವ ಸನ್ನೆ, ಊಟದ ಮೇಜಿನಿಂದ ಕೊಡುವುದೋ ಬೇಡವೋ ಎಂದು ಮನೆಯವರೆಲ್ಲ ಕೂತು ಮೊದಲು ಒಪ್ಪಂದಕ್ಕೆ ಬರಬೇಕು. ಆ ಒಪ್ಪಂದವಿಲ್ಲದ ಮನೆಗೆ ಎಷ್ಟು ದುಬಾರಿ ಟ್ರೈನರ್ ಬಂದರೂ ಅವರು ಕಲಿಸಿದ್ದು ಗೇಟಿನಾಚೆ ಹೋಗುವಷ್ಟರಲ್ಲಿ ಕರಗುತ್ತದೆ. ಒಪ್ಪಂದವಿದ್ದರೆ ದಿನಕ್ಕೆ ಐದೈದು ನಿಮಿಷದ ಎರಡು ಪಾಠ, ಒಂದು ಹಿಡಿ ತಿಂಡಿ ಸಾಕು.