ಎರಡನೇ ಲೈಟು ಬೇಡ ಸ್ವಾಮಿ

ಫೋಟೊ ತೆಗೆಯುವ ಲೈಟಿಗೆ ಛತ್ರಿಯೋ ಸಾಫ್ಟ್‌ಬಾಕ್ಸೋ ಎಂಬ ವ್ಯಾಜ್ಯವನ್ನು ಈ ವಾರ ತೀರಿಸುತ್ತೇನೆಂದು ಹೇಳಿದ್ದೆ. ಅದಕ್ಕೆ ಒಂದು ಪ್ಯಾರಾ ಸಾಕು. ಎರಡೂ ಬೆಳಕಿನ ಮೈಯನ್ನು ದೊಡ್ಡದು ಮಾಡುತ್ತವೆ. ಛತ್ರಿ ಆ ಬೆಳಕನ್ನು ಕೋಣೆ ತುಂಬಾ ಚೆಲ್ಲುತ್ತದೆ, ಸಾಫ್ಟ್‌ಬಾಕ್ಸ್ ಹೇಳಿದ ಕಡೆಗಷ್ಟೇ ಕಳಿಸುತ್ತದೆ. ಹತ್ತಡಿ ಕೋಣೆ, ತಗ್ಗು ಸೂರು, ತಿಳಿಹಸಿರು ಗೋಡೆಯ ಮನೆಯಲ್ಲಿ ಛತ್ರಿ ಬಿಚ್ಚಿದರೆ ಗೋಡೆಯ ಹಸಿರು ಬಂದು ಕೆನ್ನೆಯ ಮೇಲೆ ಕೂರುತ್ತದೆ. ಹಾಗಾಗಿ ಸಾಫ್ಟ್‌ಬಾಕ್ಸ್. ವ್ಯಾಜ್ಯ ವಜಾ.

ನನ್ನ ಹಳೇ ಜಗಳ ಬೇರೆಯವರ ಜೊತೆ. ಮನೆಯಲ್ಲೇ ಪೋರ್ಟ್ರೇಟ್ ತೆಗೆಯಲು ಹೊರಟವರಿಗೆ ಎರಡು ಲೈಟು, ಎರಡು ಛತ್ರಿ, ಎರಡು ಸ್ಟ್ಯಾಂಡಿನ ಕಿಟ್ ಮಾರುತ್ತಾರಲ್ಲ, ಅವರ ಜೊತೆ. ಕೊಂಡವರು ಏನು ಮಾಡುತ್ತಾರೆ? ಎಡಕ್ಕೊಂದು ಬಲಕ್ಕೊಂದು ಸಮನಾಗಿ ನಿಲ್ಲಿಸಿ, ಅಪ್ಪನನ್ನು ನಡುವೆ ಸ್ಟೂಲಿನ ಮೇಲೆ ಕೂರಿಸುತ್ತಾರೆ. ಮೂಗಿನ ನೆರಳು ಮಾಯ, ದವಡೆಯ ಗೆರೆ ಮಾಯ, ಅಪ್ಪನೂ ಅರ್ಧ ಮಾಯ. ಪಾಸ್‌ಪೋರ್ಟ್ ಫೋಟೊಗೆ ಇದು ಸರಿ, ಅಲ್ಲಿ ಮುಖದ ಮೇಲೂ ಹಿಂದಿನ ಗೋಡೆಯ ಮೇಲೂ ನೆರಳಿರಕೂಡದೆಂದು ನಿಯಮವೇ ಇದೆ. ಗೋಡೆಗೆ ತೂಗುಹಾಕುವ ಫೋಟೊಗೆ ಯಾವ ಸರ್ಕಾರವೂ ಅಂಥ ನಿಯಮ ಮಾಡಿಲ್ಲ.

ರಿಂಗ್ ಲೈಟಿನವರನ್ನೂ ಬಿಡುವಂತಿಲ್ಲ. ಅದರ ಪೂರ್ವಜ ರಿಂಗ್ ಫ್ಲ್ಯಾಷ್ ಹುಟ್ಟಿದ್ದು 1950ರ ದಶಕದ ಆರಂಭದಲ್ಲಿ, ಹಲ್ಲಿನ ಡಾಕ್ಟರಿಗಾಗಿ. ಬಾಯೊಳಗಿನ ದವಡೆಹಲ್ಲಿನ ಮೇಲೆ ನೆರಳು ಬೀಳಬಾರದೆಂಬುದೇ ಅದರ ಉದ್ದೇಶ. ನೆರಳು ಅಳಿಸಲೆಂದೇ ಮಾಡಿದ ಸಾಧನವನ್ನು ಅಜ್ಜಿಯ ಮುಖಕ್ಕೆ ಹಿಡಿದು, ಸುಕ್ಕೆಲ್ಲ ಎಲ್ಲಿ ಹೋಯಿತು ಎಂದರೆ ಏನು ಹೇಳೋಣ? ಮೇಲಾಗಿ ನಮ್ಮ ಕಂದು ಮೈಬಣ್ಣದಲ್ಲಿ ಮುಖದ ಉಬ್ಬುತಗ್ಗು ಕಾಣಿಸುವುದು ಬಹುಪಾಲು ಚರ್ಮದ ಹೊಳಪಿನಿಂದ. ಹಣೆ, ಕೆನ್ನೆಮೂಳೆ, ಮೂಗಿನ ದಂಡೆಯ ಮೇಲೆ ಆ ಹೊಳಪು ಜಾರಬೇಕಾದರೆ ಬೆಳಕು ಪಕ್ಕದಿಂದ ಬರಬೇಕು, ದೊಡ್ಡದಾಗಿ ಬರಬೇಕು.

ಅಂಕಣದ ಹಳೇ ಗಿರಾಕಿಗಳಿಗೆ ಇದೆಲ್ಲ ಗೊತ್ತು. ಹೊಸಬರಿಗೆ ಮಾತ್ರ ಲೆಕ್ಕ ಹೇಳುತ್ತೇನೆ. ಐಎಸ್‌ಓ 100, ಎಫ್ 8, ಶಟರ್ 1/160. ಫ್ಲ್ಯಾಷ್ ಹಚ್ಚದೆ ಒಂದು ಫೋಟೊ ತೆಗೆಯಿರಿ, ಅದು ಪೂರಾ ಕಪ್ಪಗೆ ಬರಬೇಕು. ಬಂದರೆ ಮನೆಯ ಟ್ಯೂಬ್‌ಲೈಟ್ ಆಟದಿಂದ ಹೊರಗೆ ಎಂದರ್ಥ. ಈಗ ಒಂದೇ ಲೈಟು, ಮುಖದ ಓರೆಗೆ, ಕಣ್ಣಿಗಿಂತ ಮೇಲೆ. ಅದು ಮುಖದಿಂದ 1 ಮೀಟರ್, ಹಿಂದಿನ ಗೋಡೆಯಿಂದ 2 ಮೀಟರ್ ದೂರದಲ್ಲಿದ್ದರೆ ಗೋಡೆಗೆ ಸಿಗುವುದು ಮುಖದ ಬೆಳಕಿನ ಕಾಲು ಪಾಲು, ಅಂದರೆ 2 ಸ್ಟಾಪ್ ಕಡಿಮೆ. ಲೈಟನ್ನು ಅರ್ಧ ಮೀಟರ್ ಮುಂದೆ ತನ್ನಿ. ಮುಖಕ್ಕೆ ಅರ್ಧ ಮೀಟರ್, ಗೋಡೆಗೆ ಒಂದೂವರೆ. ಗೋಡೆಯ ಪಾಲು ಒಂಬತ್ತರಲ್ಲಿ ಒಂದಕ್ಕೆ ಇಳಿಯಿತು. ಲೈಟಿನ ಪವರ್ ತಗ್ಗಿಸಿ ಮುಖವನ್ನು ಸರಿ ಮಾಡಿಕೊಂಡರೆ ಬಿಳಿ ಗೋಡೆ ಕಡುಬೂದಿಗೆ ತಿರುಗುತ್ತದೆ. ಬ್ಯಾಕ್‌ಡ್ರಾಪ್ ಕೊಳ್ಳುವ ದುಡ್ಡು ಉಳಿಯಿತು, ಬೆಳಕೂ ಇನ್ನಷ್ಟು ಮೆದುವಾಯಿತು. ನೆರಳಿನ ಕಡೆ ತೀರಾ ಕಪ್ಪೆನಿಸಿದರೆ ಒಂದು ಬಿಳಿ ಥರ್ಮಾಕೋಲ್ ಹಲಗೆ. ಕಪ್ಪು ಸಾಲದೆನಿಸಿದರೆ ಅದೇ ಜಾಗದಲ್ಲಿ ಕರಿ ಬಟ್ಟೆ.

ಕರಿ ಬಟ್ಟೆ ಎಂದೊಡನೆ ವಿ.ಕೆ. ಮೂರ್ತಿ ನೆನಪಾದರು. ಇನ್ನು ಈ ವಾರದ ಜಾಗವೆಲ್ಲ ಅವರದೇ.

ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಮೂರ್ತಿ ಗುರುದತ್ತರ ಛಾಯಾಗ್ರಾಹಕರಾಗಿ ಮುಂಬಯಿಯಲ್ಲಿ ಮಾಡಿದ ಕೆಲಸ ಪೋರ್ಟ್ರೇಟ್ ಕಲಿಯುವವರ ಪಠ್ಯ. 1959ರ ‘ಕಾಗಜ್ ಕೆ ಫೂಲ್’ ನೋಡಿ. ಖಾಲಿ ಸ್ಟುಡಿಯೊದ ಕತ್ತಲೆಯಲ್ಲಿ ಮೇಲಿನಿಂದ ಓರೆಯಾಗಿ ಇಳಿದ ಒಂದೇ ಬೆಳಕಿನ ಕೋಲು, ಅದರ ಆಚೀಚೆ ವಹೀದಾ ರೆಹಮಾನ್ ಮತ್ತು ಗುರುದತ್. ಅದಕ್ಕೆ ಮೂರ್ತಿ ಬಳಸಿದ್ದು ಬಿಸಿಲನ್ನು. ಹೊರಗೆ ಒಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು, ಕಿರಣ ಕಣ್ಣಿಗೆ ಕಾಣಲೆಂದು ಸ್ವಲ್ಪ ಹೊಗೆ. ಸಿನೆಮಾಸ್ಕೋಪಿನಷ್ಟು ಅಗಲದ ಚೌಕಟ್ಟನ್ನು ಕತ್ತಲೆಗೆ ಬಿಟ್ಟುಕೊಡಲು ಎಂಥ ಎದೆ ಬೇಕು!

ಅದಕ್ಕಿಂತಲೂ ನನಗೆ ಇಷ್ಟವಾದದ್ದು 1962ರ ‘ಸಾಹಿಬ್ ಬೀಬಿ ಔರ್ ಗುಲಾಮ್’ನ ‘ಸಾಕಿಯಾ’ ಹಾಡು. ಮಿನೂ ಮುಮ್ತಾಜ್ ಬೆಳಕಿನಲ್ಲಿ ಕುಣಿಯುತ್ತಾರೆ. ಸುತ್ತ ಹೆಜ್ಜೆ ಹಾಕುವ ನರ್ತಕಿಯರ ಮುಖದ ಮೇಲೆ ಹಾಡು ಮುಗಿಯುವವರೆಗೂ ಬೆಳಕು ಬೀಳುವುದಿಲ್ಲ. ಅವರು ಚಲಿಸುತ್ತಾರೆ, ಜಾಗ ಬದಲಿಸುತ್ತಾರೆ, ಮಿನೂ ಅವರ ಮಗ್ಗುಲಿಗೇ ಬರುತ್ತಾರೆ. ಆದರೂ ಮುಖ ಕತ್ತಲೆಯಲ್ಲೇ ಉಳಿಯುತ್ತದೆ. ಬೇಡದ ಕಡೆ ಒಂದು ಹನಿ ಬೆಳಕೂ ಸೋರದಂತೆ ತಡೆಯುವ ಈ ಕಸುಬಿನ ಮುಂದೆ, ಸೆಟ್ಟನ್ನು ಝಗಝಗಿಸುವಂತೆ ಮಾಡುವುದು ಮಕ್ಕಳಾಟ. ಎರಡೂ ಚಿತ್ರಗಳಿಗೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಬಂತು. 2008ನೇ ಸಾಲಿನ ಫಾಲ್ಕೆ ಪ್ರಶಸ್ತಿಯೂ ಬಂತು, ಛಾಯಾಗ್ರಾಹಕರೊಬ್ಬರಿಗೆ ಸಂದದ್ದು ಅದೇ ಮೊದಲು. ಕನ್ನಡದಲ್ಲಿ ಅವರ ಕೈಚಳಕ ನೋಡಬೇಕೆಂದರೆ ‘ಹೂವು ಹಣ್ಣು’ ಇದೆ.

ಮೂರ್ತಿಯವರ ಹತ್ತಿರ ಲೈಟಿಗೆ ಬರವಿರಲಿಲ್ಲ, ಸ್ಟುಡಿಯೊ ತುಂಬಾ ಲೈಟುಗಳಿದ್ದವು. ಆದರೂ ಯಾವುದನ್ನು ಆರಿಸಬೇಕು, ಯಾವುದಕ್ಕೆ ಅಡ್ಡ ಹಿಡಿಯಬೇಕು ಎಂಬುದರಲ್ಲೇ ಅವರ ಕೌಶಲ ಇತ್ತು. ಮನೆಯ ಹತ್ತಡಿ ಕೋಣೆಯಲ್ಲಿ ಅದನ್ನು ಕಲಿಯಲು ಒಂದು ಫ್ಲ್ಯಾಷ್, ಅದಕ್ಕೊಂದು ಸಾಫ್ಟ್‌ಬಾಕ್ಸ್, ಆ ಹಲಗೆ, ಆ ಬಟ್ಟೆ ಸಾಕು. ಉಳಿದ ದುಡ್ಡಿಗೆ ಗಟ್ಟಿ ಸ್ಟ್ಯಾಂಡ್ ಕೊಂಡು ಅದರ ಕಾಲಿಗೆ ಮರಳು ಚೀಲ ಹೇರಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಹಾಗಾದರೆ ಎರಡನೇ ಲೈಟು ಯಾವಾಗ ಎಂದು ಕೇಳುವವರಿಗೆ ಉತ್ತರ ಇದು. ಮೊದಲನೆಯದನ್ನು ಎಲ್ಲಿಟ್ಟರೆ ಮೂಗಿನ ನೆರಳು ಎಲ್ಲಿ ಬೀಳುತ್ತದೆಂದು ಸ್ವಿಚ್ ಹಾಕದೆಯೇ ಹೇಳಲು ಬಂದಾಗ. ಅಷ್ಟು ಬಂದವರಲ್ಲಿ ಹೆಚ್ಚಿನವರು ಈ ಪ್ರಶ್ನೆ ಕೇಳುವುದನ್ನೇ ಬಿಟ್ಟಿರುತ್ತಾರೆ.