ಹಂದಿ ಬಂದರೆ ಒಂದು ಕಥೆ, ಜಿಂಕೆ ಬಂದರೆ ಇನ್ನೊಂದು: ಕಾವ್ಯದ ಬೇಟೆ ಓದುವ ರಸಿಕರಿಗೊಂದು ಕೈಪಿಡಿ

ಹಳಗನ್ನಡ ಕಾವ್ಯವನ್ನು ಹೊಸದಾಗಿ ಹಿಡಿದವರು ಸಾಮಾನ್ಯವಾಗಿ ಎರಡು ಕಡೆ ಪುಟ ಹಾರಿಸುತ್ತಾರೆ. ಊರಿನ ವರ್ಣನೆ ಬಂದಾಗ ಒಮ್ಮೆ, ಬೇಟೆಯ ವರ್ಣನೆ ಬಂದಾಗ ಇನ್ನೊಮ್ಮೆ. ಊರನ್ನು ಹಾರಿಸಿದರೆ ನನ್ನ ತಕರಾರಿಲ್ಲ. ಒಂದು ಕಾವ್ಯದ ಕೋಟೆ ಕಂದಕವನ್ನು ಇನ್ನೊಂದಕ್ಕೆ ಎತ್ತಿಟ್ಟರೂ ಎಷ್ಟೋ ಸಲ ಯಾರಿಗೂ ಗೊತ್ತಾಗುವುದಿಲ್ಲ. ಬೇಟೆಯನ್ನು ಮಾತ್ರ ಬಿಡಬಾರದು. ನಾಯಿಯ ಮೂಗು, ಗಾಳಿಯ ದಿಕ್ಕು, ಹೆಜ್ಜೆಯ ಗುರುತು, ಬಲೆ ಕಟ್ಟುವ ಜಾಗ ಇವೆಲ್ಲ ಪುಸ್ತಕ ನೋಡಿ ಬರೆಯುವ ಸಂಗತಿಗಳಲ್ಲ. ಅದಕ್ಕಿಂತ ಮುಖ್ಯವಾದದ್ದು, ಕವಿ ಯಾವ ಪ್ರಾಣಿಯನ್ನು ಎದುರಿಗೆ ತಂದು ನಿಲ್ಲಿಸಿದ್ದಾನೆ ಎಂಬುದು. ಹಂದಿ ಬಂತೆಂದರೆ ಯಾರದೋ ಶೌರ್ಯವನ್ನು ಒರೆಗೆ ಹಚ್ಚುವ ಹೊತ್ತು. ಕೊಂಬಿನ ಜಿಂಕೆ ಬಂತೆಂದರೆ ರಾಜನಿಗೆ ಗ್ರಹಚಾರ ಕಾದಿದೆ. ಇಷ್ಟು ಹಿಡಿದುಕೊಂಡು ಹೊರಟರೆ ಸಾಕು. ಇದು ಎಲ್ಲಿ ಮುರಿಯುತ್ತದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಅರಕೆರೆ ಕಡೆಯವರಿಗೆ ಪುಸ್ತಕಕ್ಕಿಂತ ಮೊದಲು ಒಂದು ಕಲ್ಲು ತೋರಿಸಬೇಕು. ನಮ್ಮ ಹೋಬಳಿಯಲ್ಲಿ ಈಗ ಬೇಟೆಯಾಡುವಂಥ ಕಾಡೆಲ್ಲಿದೆ? ನಾಲೆ ನೀರು, ಭತ್ತ, ಕಬ್ಬು. ಆದರೂ ಕಬ್ಬಿನ ಗದ್ದೆಗೆ ಹಂದಿ ನುಗ್ಗಿತು ಅಂದರೆ ಏನು ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಂಥದೊಂದು ಹಂದಿಯ ಕಥೆ ನಮ್ಮ ಜಿಲ್ಲೆಯದೇ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕಲ್ಲಾಗಿ ನಿಂತಿತ್ತು. ಕ್ರಿ.ಶ. 949ರ ಸುಮಾರಿಗೆ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಪರವಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಕಾಳಗದಲ್ಲಿ ಮೆರೆದ ಮಣಲೇರ ಎಂಬ ವೀರನನ್ನು ಮೆಚ್ಚಿ, ಬೇಕಾದ್ದು ಕೇಳಿಕೋ ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಕೆಳಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಟ್ಟು, ಪೂಜೆಗೆಂದು ಭೂಮಿ ಬಿಟ್ಟರು. ಗುಡಿಯ ಗೊರವ ಆ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಗುಲುತ್ತದೆ ಎಂದೂ ಬರೆಸಿದರು.

ಕಲ್ಲಿನ ಮುಂದೆ ನಿಂತಾಗ ಒಂದು ಸಂಗತಿ ಗಮನಿಸಿ. ಚೋಳರ ರಾಜಕುಮಾರ ಸತ್ತ ಸುದ್ದಿ ಬರೀ ಅಕ್ಷರದಲ್ಲಿದೆ. ಚಿತ್ರದಲ್ಲಿ ಇರುವುದು ನಾಯಿ ಮತ್ತು ಹಂದಿ. ಸಾಮ್ರಾಜ್ಯದ ಯುದ್ಧವನ್ನು ಸುತ್ತ ಬರೆದು ನಡುವೆ ಇವೆರಡನ್ನು ಕೆತ್ತಿದವನಿಗೆ ಯಾವುದು ಮುಖ್ಯ ಎಂಬ ಅನುಮಾನವೇ ಇರಲಿಲ್ಲ. ಬೇಟೆಯ ವರ್ಣನೆ ಓದುವವರಿಗೂ ಇದೇ ಧೈರ್ಯ ಬೇಕು. ಕಥೆ ಎಲ್ಲಿ ಹೋಯಿತು ಎಂದು ಹುಡುಕುತ್ತಾ ಕೂರಬೇಡಿ. ಆ ಹೊತ್ತಿಗೆ ನಾಯಿಯೇ ಕಥೆ.

ಪಂಪನ ‘ವಿಕ್ರಮಾರ್ಜುನ ವಿಜಯ’ ಮುಗಿದದ್ದು 941ರ ಸುಮಾರಿಗೆ, ಈ ಕಲ್ಲಿಗಿಂತ ಹತ್ತು ವರ್ಷವೂ ಹಿಂದಲ್ಲ. ಅವನ ಆಶ್ರಯದಾತ ಅರಿಕೇಸರಿ ಕೂಡ ರಾಷ್ಟ್ರಕೂಟರ ಸಾಮಂತ. ಅಂದರೆ ಬೂತುಗ, ಮಣಲೇರರಂಥವರೇ ಪಂಪನ ಕೇಳುಗರು. ಐದನೇ ಆಶ್ವಾಸದಲ್ಲಿ, ಖಾಂಡವ ವನ ಸುಡುವುದಕ್ಕೆ ಮೊದಲು, ಕೃಷ್ಣಾರ್ಜುನರು ಬೇಟೆಗೆ ಹೋಗುತ್ತಾರೆ. ಆ ಭಾಗ ಸುಲಭವಲ್ಲ. ಬೇಟೆಗಾರರ ಕಸುಬಿನ ಮಾತುಗಳು ಅಲ್ಲಿ ಸಾಲುಗಟ್ಟಿವೆ, ಕೆಲವಕ್ಕೆ ವಿದ್ವಾಂಸರೂ ತಡಕಾಡಿದ್ದಾರೆ. ಡಿ.ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ ಪಕ್ಕದಲ್ಲಿರಲಿ, ಆದರೆ ಮೊದಲ ಸಲ ಅದನ್ನು ತೆರೆಯದೆ ಜೋರಾಗಿ ಓದಿಕೊಳ್ಳಿ. ಅರ್ಥವಾಗದ ಪದದ ಮುಂದೆ ನಿಂತುಬಿಟ್ಟರೆ ಬೇಟೆ ಕೈತಪ್ಪುತ್ತದೆ.

ಇನ್ನು ಜಿಂಕೆಗೆ ಬಂದರೆ, ಇಂಗ್ಲೆಂಡಿನಲ್ಲಿ ಪರಿಸ್ಥಿತಿ ಬೇರೆ. ಮಧ್ಯಯುಗದ ಇಂಗ್ಲಿಷರಿಗೆ ಬೇಟೆಯ ಪ್ರಾಣಿಗಳಲ್ಲಿ ದೊರೆ ಎಂದರೆ ಬಲಿತ ಗಂಡು ಕೆಂಪು ಜಿಂಕೆ. ಅದಕ್ಕೆ ಹಾರ್ಟ್ ಎಂದು ಹೆಸರು. ಯಾರ್ಕಿನ ಡ್ಯೂಕ್ ಎಡ್ವರ್ಡ್ 1406ರಿಂದ 1413ರ ನಡುವೆ ‘ದಿ ಮಾಸ್ಟರ್ ಆಫ್ ಗೇಮ್’ ಎಂಬ ಬೇಟೆಯ ಗ್ರಂಥ ಬರೆದ. ಬಹುಪಾಲು ಫ್ರಾನ್ಸಿನ ಗ್ಯಾಸ್ತೋಂ ಫೆಬ್ಯೂಸನ ಪುಸ್ತಕದ ಅನುವಾದ ಅದು. ಅದರಲ್ಲಿ ಗಂಡು ಜಿಂಕೆಗೆ ವರ್ಷಕ್ಕೊಂದು ಹೆಸರು. ಮೂರನೇ ವರ್ಷ ಬ್ರಾಕೆಟ್, ನಾಲ್ಕಕ್ಕೆ ಸ್ಟ್ಯಾಗರ್ಡ್, ಐದಕ್ಕೆ ಸ್ಟ್ಯಾಗ್, ಆರಕ್ಕೆ ಹತ್ತು ಕವಲಿನ ಹಾರ್ಟ್. ಬೆಳಗಿನ ಜಾವ ಒಬ್ಬ ಬೇಟೆಗಾರ ಮೂಸುವ ನಾಯಿಯೊಂದನ್ನು ಹಗ್ಗದಲ್ಲಿ ಹಿಡಿದು ಹೊರಡುತ್ತಾನೆ. ಜಿಂಕೆಯ ಹಿಕ್ಕೆ ಸಿಕ್ಕರೆ ತನ್ನ ಕೊಂಬಿನ ಕಹಳೆಯೊಳಗೆ ತುಂಬಿ, ಹುಲ್ಲಿನ ಬಿರಡೆ ಹಾಕಿ, ತಿಂಡಿಗೆ ಕೂತ ಒಡೆಯನ ಮುಂದೆ ತಂದು ತೋರಿಸುತ್ತಾನೆ. ಹಿಕ್ಕೆಯ ಗಾತ್ರ, ಗಟ್ಟಿತನ ನೋಡಿ ಇದು ಬೆನ್ನಟ್ಟಲು ಯೋಗ್ಯ ಹಾರ್ಟ್ ಹೌದೋ ಅಲ್ಲವೋ ಎಂದು ದೊಡ್ಡ ಮನುಷ್ಯರು ಚರ್ಚೆ ಮಾಡುತ್ತಾರೆ. ಅರಸ ಬೆನ್ನಟ್ಟಿಯೂ ತಪ್ಪಿಸಿಕೊಂಡ ಹಾರ್ಟನ್ನು ಯಾರೂ ಮುಟ್ಟಬಾರದೆಂದು ಡಂಗುರ ಹೊಡೆಸುವ ಪದ್ಧತಿಯೂ ಇತ್ತು. 1598ರಲ್ಲಿ ಮ್ಯಾನ್‌ವುಡ್ ಬರೆದ ಅರಣ್ಯ ಕಾನೂನಿನ ಪುಸ್ತಕದಲ್ಲಿ ಅದರ ವಿವರವಿದೆ.

ನಮ್ಮಲ್ಲಿ ಇಂಥ ಲೆಕ್ಕ ಯಾಕೆ ಬೆಳೆಯಲಿಲ್ಲ? ಕಾರಣ ಸ್ವಲ್ಪ ಪ್ರಾಣಿಯ ತಲೆಯ ಮೇಲೇ ಇದೆ ಎಂದು ನನಗನ್ನಿಸುತ್ತದೆ. ಕೆಂಪು ಜಿಂಕೆಯ ಕೊಂಬು ವರ್ಷಕ್ಕೊಮ್ಮೆ ಉದುರಿ, ಮತ್ತೆ ಬೆಳೆದು, ಕವಲು ಹೆಚ್ಚುತ್ತಾ ಹೋಗುತ್ತದೆ. ನಮ್ಮ ಕಡವೆಗೂ ಚುಕ್ಕೆ ಜಿಂಕೆಗೂ ಕೊಂಬು ಉದುರುತ್ತದೆ, ಆದರೆ ಒಂದೊಂದು ಕಡೆಗೆ ಮೂರು ಕವಲಾದರೆ ಸಾಮಾನ್ಯವಾಗಿ ಅಲ್ಲಿಗೆ ನಿಂತಿತು. ಕೃಷ್ಣಮೃಗದ ಕೊಂಬಿಗೆ ಕವಲೂ ಇಲ್ಲ, ಉದುರುವುದೂ ಇಲ್ಲ. ಉಂಗುರ ಉಂಗುರವಾಗಿ ತಿರುಚಿಕೊಂಡು ನೇರ ಮೇಲಕ್ಕೆ ಹೋಗುತ್ತದೆ. ಹತ್ತರವರೆಗೆ ಎಣಿಸಿ ಬಿರುದು ಕೊಡುವ ಸುಖ ನಮ್ಮ ಬೇಟೆಗಾರನಿಗೆ ಇರಲಿಲ್ಲ.

ಅದರ ಬದಲು ಅವನು ಗಂಡಿನ ಜಂಭ ನೋಡಿಕೊಂಡ. ಕೃಷ್ಣಮೃಗದ ಗಂಡು ತನ್ನದೆಂದು ಒಂದು ಬಯಲು ತುಂಡನ್ನು ಹಿಡಿದು ಕಾಯುತ್ತದೆ. ಅಲ್ಲಿಗೆ ಇನ್ನೊಂದು ಗಂಡು ಬಂದರೆ ಕಾಳಗವೇ. ಈ ಗುಣವನ್ನೇ ಬೇಟೆಗಾರ ಬಳಸಿಕೊಂಡ. ಸಾಕಿ ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಯನ್ನು ಸೆಳೆಯುವುದಕ್ಕೆ ಹಳಗನ್ನಡದಲ್ಲಿ ದೀವದ ಬೇಂಟೆ ಎಂದು ಹೆಸರು. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ಮೃಗಯಾ ವಿನೋದದಲ್ಲೂ ಇಂಥ ದೀವಗಳ ವಿಷಯ ಬರುತ್ತದೆ. ಅಕ್ಬರನ ಕಾಲಕ್ಕೆ ಸಾಕಿದ ಗಂಡಿನ ಕೊಂಬಿಗೆ ಕುಣಿಕೆ ಕಟ್ಟಿ ಬಿಡುತ್ತಿದ್ದರು. ಕಾಡಿನ ಗಂಡು ಹಾಯಲು ಬಂದು, ಕೊಂಬಿಗೆ ಕೊಂಬು ತೊಡರಿ, ತಾನಾಗಿ ಸೆರೆ ಸಿಗುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಚಿಗರಿ ಬೇಟೆಗಾರ, ಹರಣಶಿಕಾರಿ ಎಂದು ಒಂದು ಸಮುದಾಯದ ಹೆಸರೇ ಇದೆ. ಪಳಗಿಸಿದ ಎತ್ತಿನ ಮರೆಯಲ್ಲಿ ಚಿಗರಿಯ ಸಮೀಪಕ್ಕೆ ಹೋಗುವುದು ಅವರ ಹಿರಿಯರ ವಿದ್ಯೆ. ಆಂಗ್ಲರು ಆ ವಿದ್ಯೆಯವರನ್ನು ಅಪರಾಧಿ ಬುಡಕಟ್ಟು ಎಂದು ಪಟ್ಟಿ ಮಾಡಿದರು. ತಮ್ಮ ಡ್ಯೂಕ್ ಮಾಡಿದರೆ ಗ್ರಂಥ, ಇವರು ಮಾಡಿದರೆ ಅಪರಾಧ.

ಕಾವ್ಯದಲ್ಲಿ ಬೇಟೆ ಓದುವಾಗ ದೀವದ ಬೇಟೆಯ ಈ ಮೋಸದ ನೆನಪಿರಲಿ, ಆಗ ಜಿಂಕೆಯ ಜೊತೆ ಕೇಡು ಯಾಕೆ ಬರುತ್ತದೆ ಎಂಬುದು ತಿಳಿಯುತ್ತದೆ. ಹಂದಿ ತಿರುಗಿ ನಿಲ್ಲುತ್ತದೆ. ಅದನ್ನು ಕೊಂದರೆ ಹೆಸರು. ಜಿಂಕೆ ಓಡುತ್ತದೆ, ಇಲ್ಲವೇ ಬೇಟದಲ್ಲಿ, ಅಂದರೆ ಪ್ರಣಯದಲ್ಲಿ, ಮೈಮರೆತಿರುತ್ತದೆ. ಅದನ್ನು ಕೊಂದವನಿಗೆ ಹೇಳಿಕೊಳ್ಳಲು ಏನಿದೆ? ಪಂಪನ ಮೊದಲ ಆಶ್ವಾಸದಲ್ಲೇ ಪಾಂಡು ಕೂಡಿಕೊಂಡಿದ್ದ ಜಿಂಕೆಗಳ ಮೇಲೆ ಬಾಣ ಬಿಡುತ್ತಾನೆ. ಅದು ಜಿಂಕೆಯ ರೂಪದ ಕಿಂದಮ ಮುನಿ. ಆ ಒಂದು ಬಾಣದಿಂದ ಪಾಂಡುವಿನ ಸಾವು, ದೇವತೆಗಳಿಂದ ಮಕ್ಕಳು, ಕುರುಕ್ಷೇತ್ರದವರೆಗಿನ ದಾರಿ ಎಲ್ಲ ಹೊರಡುತ್ತದೆ. ಕಾಳಿದಾಸನ ದುಷ್ಯಂತನೂ ಕೃಷ್ಣಮೃಗವೊಂದನ್ನು ಅಟ್ಟಿಕೊಂಡೇ ಆಶ್ರಮ ಸೇರುವುದು. ಓಡುವ ಜಿಂಕೆ ಕತ್ತು ತಿರುಗಿಸಿ ರಥವನ್ನು ನೋಡುವ, ಅರ್ಧ ಅಗಿದ ದರ್ಭೆ ಬಾಯಿಂದ ಉದುರುವ ಆ ಚಿತ್ರವನ್ನು ಮೈಸೂರಿನ ಬಸವಪ್ಪಶಾಸ್ತ್ರಿಗಳು ಹತ್ತೊಂಬತ್ತನೇ ಶತಮಾನದಲ್ಲಿ ಕನ್ನಡದ ರಂಗಭೂಮಿಗೆ ತಂದರು. ಅಲ್ಲಿ ಜಿಂಕೆ ಉಳಿಯುತ್ತದೆ, ಸಿಕ್ಕಿಬೀಳುವವನು ರಾಜ. ಇಂಗ್ಲಿಷರ ಚಾಸರ್ ಹದಿನಾಲ್ಕನೇ ಶತಮಾನದಲ್ಲಿ ಪತ್ನಿಯನ್ನು ಕಳೆದುಕೊಂಡ ಒಡೆಯನ ಶೋಕದ ಕಾವ್ಯ ಬರೆದಾಗ ಅದರೊಳಗೆ ಹಾರ್ಟ್ ಬೇಟೆಯನ್ನು ಇಟ್ಟ; ಅವರ ಕಿವಿಗೆ ಆ ಹೆಸರೂ ಹೃದಯವೂ ಒಂದೇ ಸದ್ದು. ನಮಗೂ ಬೇಟ ಮತ್ತು ಬೇಂಟೆ ದೂರದವಲ್ಲ.

ಇದೇ ಕಾಲದ ‘ಸರ್ ಗಾವೇನ್’ ಎಂಬ ಇಂಗ್ಲಿಷ್ ಕಾವ್ಯದಲ್ಲಿ ಮೂರು ಬೇಟೆಗಳಿವೆ, ನಮಗೆ ಬೇಕಾದವು ಮೊದಲ ಎರಡು. ಮೊದಲನೆಯದು ಜಿಂಕೆಯದು, ಆದರೆ ಅದು ಗಂಡನ್ನು ಕೊಲ್ಲಬಾರದ ಋತು. ಕೊಂಬಿನವಕ್ಕೆ ದಾರಿ ಬಿಟ್ಟು ಹೆಣ್ಣುಗಳನ್ನು ಕೊಲ್ಲುತ್ತಾರೆ. ಎರಡನೆಯದು ಹಂದಿ. ಅಲ್ಲಿ ಒಡೆಯನೇ ಕತ್ತಿ ಹಿಡಿದು ನೀರಿಗಿಳಿದು ಎದುರು ನಿಲ್ಲುತ್ತಾನೆ. ಆತಕೂರಿನವರು ಈ ಭಾಗ ಕೇಳಿದ್ದರೆ ತಲೆದೂಗುತ್ತಿದ್ದರು.

ಈಗ ಮುರಿಯುವ ಜಾಗಕ್ಕೆ ಬರೋಣ. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದಲ್ಲಿ ಬೇಟೆ ದೊಡ್ಡ ಸಂಭ್ರಮ. ವಾರ್ಧಕ ಷಟ್ಪದಿಯ ಐದೈದು ಮಾತ್ರೆಯ ಓಟ ನಾಯಿಗಳ ಓಟಕ್ಕೆ ಹೇಳಿ ಮಾಡಿಸಿದಂತಿದೆ, ತೊಡೆಯ ಮೇಲೆ ತಾಳ ಹಾಕಿಕೊಂಡೇ ಓದಬೇಕು. ಆದರೆ ಅಲ್ಲಿ ರಾಜನನ್ನು ವಿಶ್ವಾಮಿತ್ರನ ಬಲೆಗೆ ಎಳೆದೊಯ್ಯುವುದು ಹಂದಿ, ಮಾಯೆಯ ಹಂದಿ. ಜಿಂಕೆ ಮಾಡಬೇಕಾದ ಕೆಲಸವನ್ನು ರಾಘವಾಂಕ ಹಂದಿಗೆ ಕೊಟ್ಟ. ವೀರನಿಗೆ ಕೇಡು ಶೌರ್ಯದ ಬಾಗಿಲಿಂದಲೇ ಬರಲಿ ಎಂಬ ಲೆಕ್ಕ ಅದು ಎಂದು ನಾನು ಓದುತ್ತೇನೆ. ನಾಗಚಂದ್ರ ಇನ್ನೊಂದು ಬಗೆ. ಅವನ ಜೈನ ರಾಮಾಯಣದಲ್ಲಿ ಹೊನ್ನಿನ ಜಿಂಕೆಯೇ ಇಲ್ಲ, ಸಿಂಹನಾದದ ಮೋಸದಿಂದ ಸೀತೆಯ ಅಪಹರಣವಾಗುತ್ತದೆ. ರಾಮನ ಕೈಯಲ್ಲಿ ಜಿಂಕೆ ಸಾಯುವ ಪ್ರಮೇಯವೇ ಬರುವುದಿಲ್ಲ.

ಹೊಯ್ಸಳ ವೀರಬಲ್ಲಾಳನ ಕಾಲದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ಬರೆದ. ಅದರಲ್ಲಿ ಯಶೋಮತಿ ರಾಜ ಬೇಟೆಗೆ ಹೊರಟು ದಾರಿಯಲ್ಲಿ ಸುದತ್ತ ಮುನಿಯನ್ನು ನೋಡುತ್ತಾನೆ. ಬೇಟೆ ಸಿಗುವುದಿಲ್ಲ. ಮುನಿಯ ಅಪಶಕುನವೇ ಕಾರಣವೆಂದು ಸಿಟ್ಟಿಗೆದ್ದು ನಾಯಿಗಳನ್ನು ಅವನ ಮೇಲೆ ಬಿಡುತ್ತಾನೆ. ನಾಯಿಗಳು ಮುನಿಯ ಮುಂದೆ ತಣ್ಣಗಾಗುತ್ತವೆ. ಇದು ಬರಿಗೈ ಬೇಟೆಯ ಕಥೆ. ಮಣಲೇರನ ಕಾಳಿಯನ್ನು ನೋಡಿ ಬಂದವರಿಗೆ ಈ ನಾಯಿಗಳು ಬೇರೆಯೇ ಥರ ಕಾಣುತ್ತವೆ.

ಕಲ್ಲಲ್ಲಿ ಬೇಟೆಯ ಜಿಂಕೆ ನೋಡಬೇಕಾದರೆ ಬೇಲೂರಿಗೆ ಹೋದಾಗ ಬೇಟೆಗಾತಿ ಮದನಿಕೆಯ ಮುಖ ಬಿಟ್ಟು ಕಾಲ ಬಳಿ ನೋಡಿ. ಕೋಲಿಗೆ ಜಿಂಕೆ ತೂಗುಹಾಕಿಕೊಂಡ ಆಳು ಒಂದು ಕಡೆ, ಕಾಲಿನ ಮುಳ್ಳು ತೆಗೆಸಿಕೊಳ್ಳುತ್ತಿರುವ ಇನ್ನೊಬ್ಬರು ಒಂದು ಕಡೆ. ಆ ಮುಳ್ಳನ್ನು ಮರೆಯದ ಶಿಲ್ಪಿಗೆ ನನ್ನ ನಮಸ್ಕಾರ. ನಮ್ಮ ಹತ್ತಿರದ ಹೊಸಹೊಳಲು, ಬಸರಾಳು ಗುಡಿಗಳಲ್ಲಿ ರಾಮಾಯಣದ ಪಟ್ಟಿಕೆಗಳಿವೆ. ಅಲ್ಲಿ ಮಾರೀಚನನ್ನು ನೀವೇ ಹುಡುಕಿಕೊಳ್ಳಿ.

ಓದುವ ಕ್ರಮದ ಬಗ್ಗೆ ಒಂದು ಮಾತು. ಬಹಳ ಜನ ಪಂಪನಿಂದ ಶುರು ಮಾಡಿ ಬೇಟೆಯ ಪದಗಳಲ್ಲಿ ಸಿಕ್ಕಿ ಕೈಬಿಡುತ್ತಾರೆ. ಮೊದಲು ಜನ್ನ. ನಾಲ್ಕು ಅವತಾರಗಳ ಪುಟ್ಟ ಕಾವ್ಯ, ಹೆಚ್ಚಾಗಿ ಕಂದಪದ್ಯ, ಒಂದು ವಾರಾಂತ್ಯಕ್ಕೆ ಮುಗಿಯುತ್ತದೆ. ಆಮೇಲೆ ರಾಘವಾಂಕ. ಪಂಪ ಕೊನೆಗೆ. ಓದಿ ಮುಗಿದ ಮೇಲೆ ನೋಡುವುದೂ ಇದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೃಷ್ಣಮೃಗದ ಬೇಟೆ ಅಪರಾಧ, ಅದು ಒಳ್ಳೆಯದೇ ಆಯಿತು. ಈ ಪ್ರಾಣಿಯನ್ನು ಜೀವಂತ ನೋಡಲು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿದೆ, ರಾಣೆಬೆನ್ನೂರಿನ ಅಭಯಾರಣ್ಯವಿದೆ. ಆತಕೂರಿನ ಕಲ್ಲು ಈಗ ಆತಕೂರಿನಲ್ಲಿಲ್ಲ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ಒಂದು ಗಂಟೆ ಬಿಡುವು ಮಾಡಿಕೊಂಡು ಕಾಳಿಯನ್ನು ನೋಡಿ ಬನ್ನಿ.