ಸಬರ್ ಎಂದರೆ ಸುಮ್ಮನಿರುವುದೇ?

ನಮ್ಮ ಮನೆಗಳಲ್ಲಿ ಹೆಣ್ಣುಮಗಳೊಬ್ಬಳು ಕಣ್ಣೀರಿಟ್ಟಾಗ ಮೊದಲು ಸಿಗುವ ಸಾಂತ್ವನ 'ಸಬರ್ ಮಾಡು' ಎಂಬುದು. ಈ ಮಾತಿನಲ್ಲಿ ಕರುಣೆಯೂ ಇರಬಹುದು, ಜವಾಬ್ದಾರಿಯಿಂದ ನುಣುಚಿಕೊಳ್ಳುವ ಉಪಾಯವೂ ಇರಬಹುದು. ಹೇಳಿದವರ ಪಾಲಿಗೆ ವಿಷಯ ಅಲ್ಲಿಗೆ ಮುಗಿಯುತ್ತದೆ. ಕೇಳಿಸಿಕೊಂಡವಳ ಕಷ್ಟ ಮುಗಿಯುವುದಿಲ್ಲ. ಪುಸ್ತಕದಂಗಡಿಗಳಲ್ಲಿ ರಾಶಿ ಬಿದ್ದಿರುವ ವ್ಯಕ್ತಿತ್ವ ವಿಕಸನದ ಪುಸ್ತಕಗಳೂ ಇದನ್ನೇ ಬೇರೆ ಧಾಟಿಯಲ್ಲಿ ಹೇಳುತ್ತವೆ: ಧೈರ್ಯ ನಿನ್ನೊಳಗೇ ಇದೆ, ಹುಡುಕಿಕೋ. ಹಾಗಾದರೆ ಆಶಾವಾದ, ನಂಬಿಕೆ, ಧೈರ್ಯ ಇವೆಲ್ಲ ಒಬ್ಬೊಬ್ಬರ ಸ್ವಂತ ಗಳಿಕೆಯೇ? ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಕಥೆಯನ್ನು ಓದುವಾಗ ಈ ಪ್ರಶ್ನೆ ನಮ್ಮನ್ನು ಬಿಡದೆ ಕಾಡುತ್ತದೆ.

ಬಾನು ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಈ ಗೌರವ ಬಂದದ್ದು ಅದೇ ಮೊದಲು. ಸನ್ಮಾನಗಳ ಸಂಭ್ರಮದಲ್ಲಿ ಕಥೆಗಳು ಕೇಳುವ ಕಹಿ ಪ್ರಶ್ನೆಗಳು ಮರೆಯಾಗಬಾರದು.

'ಎದೆಯ ಹಣತೆ'ಯ ಮೆಹರುನ್, ಗಂಡ ಇನ್ನೊಬ್ಬಳ ಹಿಂದೆ ಹೋದಾಗ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಲ್ಲಿ ಅವಳಿಗೆ ಸಿಗುವುದು ಆಸರೆಯಲ್ಲ. ಮನೆತನದ ಮರ್ಯಾದೆ ಕಾಪಾಡುವ ಬುದ್ಧಿಯಿದ್ದಿದ್ದರೆ ಬೆಂಕಿ ಹಚ್ಚಿಕೊಂಡು ಸಾಯಬೇಕಿತ್ತು, ಇಲ್ಲಿಗೆ ಬರಬಾರದಿತ್ತು ಎನ್ನುವರ್ಥದ ಮಾತು ಅವಳ ಕಿವಿಗೆ ಬೀಳುತ್ತದೆ. ಅವಳನ್ನು ಮರಳಿ ಗಂಡನ ಮನೆಗೇ ಬಿಟ್ಟು ಬರುತ್ತಾರೆ. ಆ ರಾತ್ರಿ ಅವಳು ಸಾಯಲು ಹೊರಟಾಗ ತಡೆಯುವವಳು ಹಿರಿಯ ಮಗಳು ಸಲ್ಮಾ. ಎಳೆಗೂಸನ್ನು ತಂದು, ತಾಯಿಯ ಕಾಲು ಹಿಡಿದು, ನಮ್ಮನ್ನು ಬಿಟ್ಟು ಹೋಗಬೇಡ ಎಂದು ಅಂಗಲಾಚುತ್ತಾಳೆ. ಮೆಹರುನ್ ಉಳಿಯುತ್ತಾಳೆ.

ಆತ್ಮಹತ್ಯೆ ಹರಾಮ್ ಎಂಬುದನ್ನು ನಮ್ಮಲ್ಲಿ ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ. ಆದರೆ ಈ ಕಥೆಯಲ್ಲಿ ಆ ಹರಾಮಿನತ್ತ ಅವಳನ್ನು ನೂಕುವವರು ದೀನಿನ ಹೊರಗಿನವರಲ್ಲ; ಅವಳ ಒಡಹುಟ್ಟಿದವರೇ. ನಿರಾಶೆ ಪಾಪವಾದರೆ, ಒಬ್ಬರಿಗೆ ನಿರಾಶೆಯ ಹೊರತು ಬೇರೆ ದಾರಿಯನ್ನೇ ಉಳಿಸದವರ ಪಾಪ ಯಾರ ಲೆಕ್ಕಕ್ಕೆ ಸೇರಬೇಕು? ಬಾನು ಇಲ್ಲಿ ಭಾಷಣ ಮಾಡುವುದಿಲ್ಲ. ಮಾತುಗಳನ್ನು ಆಡಿದವರ ಬಾಯಲ್ಲೇ ಬಿಟ್ಟು ಸುಮ್ಮನಾಗುತ್ತಾರೆ. ಅದಕ್ಕೇ ಅವು ನಮ್ಮ ಮನೆಯ ಮಾತುಗಳಂತೆಯೇ ಕೇಳಿಸುತ್ತವೆ.

ತಮ್ಮ ಬದುಕಿನಲ್ಲೂ ಇಂಥದೊಂದು ಗಳಿಗೆ ಬಂದಿತ್ತೆಂದು ಲೇಖಕಿ ಸಂದರ್ಶನಗಳಲ್ಲಿ ಹೇಳಿದ್ದಾರೆ. ಬಾಣಂತನದ ಖಿನ್ನತೆಯಲ್ಲಿ ಸಾಯಲು ಹೊರಟಾಗ ಅವರನ್ನು ಅಪ್ಪಿ ತಡೆದು, ಮಗುವನ್ನು ಅವರ ಕಾಲ ಬಳಿ ಇಟ್ಟು ಬೇಡಿಕೊಂಡವರು ಅವರ ಪತಿ. ಕಥೆಯಲ್ಲಿ ಆ ಜಾಗದಲ್ಲಿ ಗಂಡನಿಲ್ಲ, ಮಗಳಿದ್ದಾಳೆ. ಈ ಬದಲಾವಣೆ ನಮಗೆ ಬಹಳ ಮುಖ್ಯವೆನಿಸುತ್ತದೆ. ತಾನು ಪಡೆದ ಅದೃಷ್ಟವನ್ನು ಲೇಖಕಿ ಮೆಹರುನ್‌ಗೆ ಕೊಡುವುದಿಲ್ಲ. ಅಂಥ ಗಂಡ ಎಲ್ಲರಿಗೂ ಸಿಗುವುದಿಲ್ಲವೆಂಬ ಸತ್ಯಕ್ಕೆ ಅವರು ನಿಷ್ಠರು.

ಇಲ್ಲಿ ಸಾರಾ ಅಬೂಬಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ನೆನಪಾಗುವುದು ಸಹಜ. 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಆ ಕಾದಂಬರಿಯ ನಾದಿರಾ ತಂದೆಯ ಹಟಕ್ಕೆ ಬಲಿಯಾಗಿ ಗಂಡನಿಂದ ದೂರವಾಗುತ್ತಾಳೆ. ಮತ್ತೆ ಅವನನ್ನು ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಹೆಂಡತಿಯಾಗಬೇಕೆಂಬ ಕಟ್ಟಳೆ ಎದುರಾದಾಗ ನೀರಿನ ಪಾಲಾಗುತ್ತಾಳೆ. ನಾದಿರಾ ಹೇಡಿ, ಮೆಹರುನ್ ಧೀರೆ ಎಂದು ಹೇಳುವಂತಿಲ್ಲ. ಇಬ್ಬರೂ ಅಂಚಿಗೆ ಹೋದವರೇ. ಒಬ್ಬಳ ಕಾಲು ಹಿಡಿದು ನಿಲ್ಲಿಸುವ ಕೈಯೊಂದು ಹೊತ್ತಿಗೆ ಸರಿಯಾಗಿ ಬಂತು, ಇನ್ನೊಬ್ಬಳಿಗೆ ಬರಲಿಲ್ಲ. ನಾವು ಧೈರ್ಯವೆಂದು ಹೊಗಳುವುದು ಎಷ್ಟೋ ಸಲ ಆ ಕೈ ಸಿಕ್ಕವರ ಧೈರ್ಯವನ್ನೇ.

ಹಾಗಾದರೆ ನಂಬಿಕೆಗೆ ಇಲ್ಲಿ ಪಾತ್ರವಿಲ್ಲವೇ? ಇದೆ. ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬಾರದೆಂಬುದು ಕುರ್‌ಆನಿನ ಸ್ಪಷ್ಟ ಬೋಧನೆ. ಆ ಭರವಸೆ ಎಂಥದೆಂದು ತಿಳಿಯಲು ಬೀಬಿ ಹಾಜರಾ ಅವರನ್ನು ನೆನೆದರೆ ಸಾಕು. ಬರಡು ಕಣಿವೆಯಲ್ಲಿ ಬಾಯಾರಿದ ಹಸುಗೂಸಿನೊಂದಿಗೆ ಉಳಿದ ಆ ತಾಯಿ ಕೈಕಟ್ಟಿ ಕೂರಲಿಲ್ಲ. ಸಫಾ ಮತ್ತು ಮರ್ವಾ ಬೆಟ್ಟಗಳ ನಡುವೆ ಏಳು ಸಲ ಓಡಾಡಿದರು. ಹಜ್‌ಗೆ ಹೋದ ಗಂಡಸರೂ ಹೆಂಗಸರೂ ಇಂದಿಗೂ ಆ ತಾಯಿಯ ಹೆಜ್ಜೆಯಲ್ಲೇ ಹೆಜ್ಜೆ ಹಾಕುತ್ತಾರೆ. ಒಬ್ಬ ಹೆಣ್ಣಿನ ಚಡಪಡಿಕೆಯನ್ನೇ ಆರಾಧನೆಯ ಭಾಗವಾಗಿಸಿಕೊಂಡ ಧರ್ಮದಲ್ಲಿ ಸಬರ್ ಎಂದರೆ ಸುಮ್ಮನಿರುವುದು ಎಂಬ ಅರ್ಥ ಹೇಗೆ ಬಂತು?

ಬಾನು ಅವರ 'ಕರಿನಾಗರಗಳು' ಕಥೆಯ ಆಶ್ರಫ್ ಈ ಹಾಜರಾರ ವಂಶದವಳು. ಗಿರೀಶ ಕಾಸರವಳ್ಳಿಯವರ 'ಹಸೀನಾ' ಚಿತ್ರಕ್ಕೆ ಆಧಾರವಾದದ್ದು ಇದೇ ಕಥೆ. ಗಂಡ ಕೈಬಿಟ್ಟ ಆಶ್ರಫ್ ನ್ಯಾಯ ಕೇಳಿ ಮಸೀದಿಯ ಮುಂದೆ ಕೂರುತ್ತಾಳೆ. ಅವಳದು ಧರ್ಮದ ವಿರುದ್ಧದ ಬಂಡಾಯವಲ್ಲ; ಧರ್ಮ ತನಗೆ ನ್ಯಾಯ ಕೊಡುತ್ತದೆಂಬ ಗಟ್ಟಿ ನಂಬಿಕೆ. ಆ ನಂಬಿಕೆಯನ್ನು ಮುತವಲ್ಲಿ ಕೈಬಿಡುತ್ತಾನೆ, ಕೂಸು ಸಾಯುತ್ತದೆ. ಆಮೇಲೆ ಕೇರಿಯ ಹೆಂಗಸರು ಬಾಯಿ ತೆರೆಯುತ್ತಾರೆ, ಅವರ ಶಾಪ ಮುತವಲ್ಲಿಯನ್ನು ಹಿಂಬಾಲಿಸುತ್ತದೆ. ಒಬ್ಬಳ ಧೈರ್ಯ ಹಲವರದಾಗುವುದು ಹೀಗೆ. ಆದರೆ ಅಷ್ಟರಲ್ಲಿ ತಡವಾಗಿರುತ್ತದೆ.

'ಎದೆಯ ಹಣತೆ'ಯ ಕೊನೆಯ ಬಗ್ಗೆ ನಮಗೊಂದು ತಕರಾರಿದೆ. ಮೆಹರುನ್ ಉಳಿದದ್ದು ತಾಯಿಯಾಗಿ. ಮಕ್ಕಳಿಲ್ಲದಿದ್ದರೆ ಅವಳು ಬದುಕಬೇಕಿರಲಿಲ್ಲವೇ? ತನಗಾಗಿಯೇ ಬದುಕುವ ಹಕ್ಕು ಅವಳಿಗೆ ಯಾವಾಗ ಸಿಗುತ್ತದೆ? ಇದಕ್ಕಿಂತ ಭಾರವಾದದ್ದು ಸಲ್ಮಾಳ ಪಾಡು. ಹಿರಿಯರೆಲ್ಲ ಕೆಳಗಿಳಿಸಿದ ಹೊರೆಯನ್ನು ಓದುವ ವಯಸ್ಸಿನ ಹುಡುಗಿಯೊಬ್ಬಳು ಹೊರಬೇಕಾಗಿದೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಮರುದಿನ ಬೆಳಗಾದಾಗ ಆ ಮನೆಯಲ್ಲಿ ಬದಲಾಗಿರುವುದು ಏನೂ ಇಲ್ಲ. ಇದು ಕಥೆಯ ದೌರ್ಬಲ್ಯವೆಂದು ಕೆಲವರು ಹೇಳಬಹುದು. ನಮಗೆ ಹಾಗನ್ನಿಸುವುದಿಲ್ಲ. ಆ ಬೆಳಗನ್ನು ಬರೆಯಬೇಕಾದವರು ಲೇಖಕಿಯಲ್ಲ. ತವರಿನ ಬಾಗಿಲ ಒಳಗಿರುವ ಅಣ್ಣತಮ್ಮಂದಿರು, ಜಮಾತಿನ ಹಿರಿಯರು, ಪಕ್ಕದ ಮನೆಯವರು.

ನಾಳೆ ನಮ್ಮ ಮನೆಯ ಬಾಗಿಲಿಗೆ ಕೂಸನ್ನೆತ್ತಿಕೊಂಡು ಮಗಳೊಬ್ಬಳು ಬಂದರೆ 'ಸಬರ್ ಮಾಡು' ಎನ್ನುವ ಮೊದಲು 'ಒಳಗೆ ಬಾ ಮಗಳೇ' ಎನ್ನೋಣ. ಅವಳ ಆಶಾವಾದ ಅವಳಿಂದ ಎಷ್ಟು ಸಾಧ್ಯವೋ ಅಷ್ಟು. ಉಳಿದದ್ದು ನಮ್ಮ ಮೇಲಿದೆ.